ಒಂದು ಹೆಸರಿನಷ್ಟು ಜಾಗ

ಆ ಊರನ್ನು ಗುಡ್ಡದ ಮೈಯಲ್ಲಿ ಏಳು ಮೆಟ್ಟಿಲು ಕಡಿದು ಕಟ್ಟಿದ್ದರು. ಮೆಟ್ಟಿಲೆಂದರೆ ಕಾಲಿಡುವ ಮೆಟ್ಟಿಲಲ್ಲ. ಒಂದೊಂದರ ಮೇಲೂ ಹತ್ತಾರು ಕೇರಿ, ಕೇರಿಗೊಂದು ಫುಟ್‌ಬಾಲ್ ಕ್ಲಬ್ಬು, ಕ್ಲಬ್ಬಿಗೊಂದು ಮೈದಾನ. ಒಂದನೇ ಮೆಟ್ಟಿಲಿಗೆ ಬೆಳಗಿನ ಬಿಸಿಲು ಎಲ್ಲಕ್ಕಿಂತ ಮೊದಲು ಬೀಳುತ್ತಿತ್ತು. ಏಳನೆಯದರ ಕೆಳಗೆ ಜೌಗು, ಜೌಗಿನ ಮೇಲೆ ಮಧ್ಯಾಹ್ನವಾದರೂ ಕರಗದ ಮಂಜು.

ವರ್ಷದ ಕೊನೆಗೆ ತನ್ನ ಮೆಟ್ಟಿಲಿನಲ್ಲಿ ಎಲ್ಲರಿಗಿಂತ ಹಿಂದೆ ಬಿದ್ದ ಕ್ಲಬ್ಬು ಒಂದು ಮೆಟ್ಟಿಲು ಇಳಿಯಬೇಕು. ಇಳಿಯುವುದು ಕಾಗದದ ಮೇಲಲ್ಲ, ಕಾಲಿನ ಮೇಲೆ. ಗೋಲುಕಂಬ ಕೀಳಬೇಕು, ಹೆಗಲ ಮೇಲೆ ಹೊರಬೇಕು, ಹಿಂದೆ ಕೇರಿಗೆ ಕೇರಿಯೇ ಪಾತ್ರೆಪಗಡ ಕಟ್ಟಿಕೊಂಡು ನಡೆಯಬೇಕು. ಕಿತ್ತರು, ಹೊತ್ತರು, ಇಳಿದರು. ಅಲ್ಲಿನ ತಾಯಂದಿರು ಮಕ್ಕಳಿಗೆ ಅನ್ನ ತಿನ್ನಿಸುವಾಗ ಇದನ್ನೇ ಹೇಳಿ ಹೆದರಿಸುತ್ತಿದ್ದರು. ಏಳನೇ ಮೆಟ್ಟಿಲಿನಿಂದಲೂ ಇಳಿಯಬೇಕಾದ ಕ್ಲಬ್ಬಿಗೆ ಇಳಿಯಲು ಜಾಗವಿರಲಿಲ್ಲ. ಅದರ ಗೆರೆಗಳ ಮೇಲೆ ನೀರು ಸುರಿದು ತೊಳೆದುಬಿಡುತ್ತಿದ್ದರು. ಅಲ್ಲಿಗೆ ಅದರ ಕಥೆ ಮುಗಿಯಿತು.

ಇನ್ನೊಂದು ಕಟ್ಟಳೆಯೂ ಇತ್ತು. ಅದು ವಿಚಿತ್ರ ಅನ್ನಿಸಿದರೆ ನಿಮ್ಮ ನಿಮ್ಮ ಊರಿನ ಕಟ್ಟಳೆಗಳನ್ನು ಒಮ್ಮೆ ನೆನೆದುಕೊಂಡು ಮುಂದೆ ಓದಿ. ಬದುಕಿರುವವರೆಗೆ ಅಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಮಾಡುವ ಕಸುಬೇ ಹೆಸರು. ಹುಟ್ಟಿದಾಗ ಇಟ್ಟ ಹೆಸರು ಜನರ ಬಾಯಿಗೆ ಬರುತ್ತಿದ್ದದ್ದು ಸತ್ತ ಮೇಲೆಯೇ. ಆಟದ ದಿನ, ಚೆಂಡು ಇಡುವುದಕ್ಕೆ ಮುಂಚೆ, ಕ್ಲಬ್ಬಿನ ಕೂಗುವವಳು ಸುಣ್ಣದ ಗೆರೆಯೊಳಗೆ ನಿಂತು ಕೇರಿಯ ಸತ್ತವರ ಹೆಸರುಗಳನ್ನು ಒಂದೊಂದಾಗಿ ಕೂಗುತ್ತಿದ್ದಳು. ಗೆರೆಯಾಚೆ ನಿಂತ ಜನ ಒಂದೊಂದಕ್ಕೂ “ಇದ್ದಾರೆ!” ಅನ್ನಬೇಕು. ಉತ್ತರ ಸಿಕ್ಕಿದ ಹೆಸರಿನವರ ಮುಖ ಆ ಮೈದಾನದ ಜನರ ಮನಸ್ಸಿನಿಂದ ಅಳಿಯುತ್ತಿರಲಿಲ್ಲ. ಉತ್ತರವಿಲ್ಲದೆ ಒಂದು ವರ್ಷ ಕಳೆಯಿತೋ, ಹೆತ್ತ ತಾಯಿಗೂ ಮಗನ ಮುಖ ಮರೆತುಹೋಗುತ್ತಿತ್ತು. ಮುಖವೊಂದೇ ಅಲ್ಲ, ಅಂಥವನೊಬ್ಬ ಇದ್ದ ಅನ್ನುವುದೇ ಮರೆಯುತ್ತಿತ್ತು. ಎದುರಾಳಿಯಿಲ್ಲದ ದಿನ, ಗೆರೆಯಿಲ್ಲದ ಜಾಗದಲ್ಲಿ ಎಷ್ಟು ಕೂಗಿದರೂ ಗಂಟಲು ನೋವೊಂದೇ ಲಾಭ.

ಕೆಮ್ಮಣ್ಣಿನ ಕ್ಲಬ್ಬಿನಲ್ಲಿ ಗೆರೆ ಎಳೆಯುವವನೊಬ್ಬನಿದ್ದ. ಆಟದ ದಿನ ಬೆಳಿಗ್ಗೆ ಹಗ್ಗ ಬಿಗಿದು, ಗೂಟ ಹೊಡೆದು, ಹಗ್ಗದ ಗುಂಟ ಸುಣ್ಣದ ನೀರು ಬಿಟ್ಟುಕೊಂಡು ಬರುವುದು ಅವನ ಕೆಲಸ. ಸುಣ್ಣ ಕಲೆಸುತ್ತಿದ್ದವಳು ಅವನ ಹೆಂಡತಿ. ಮರದ ಸೌಟಿನಲ್ಲಿ ತಿರುವಿ, ಸೌಟನ್ನೆತ್ತಿ, ಸುಣ್ಣ ಜಾರುವ ಬಗೆ ನೋಡಿ, “ಇನ್ನೊಂದು ಚೆಂಬು ಹುಯ್ಯಿ” ಅನ್ನುತ್ತಿದ್ದಳು. ಅವಳು ಹೋದ ಮೇಲೆ ಅವಳಿಗೊಂದು ಹೆಸರಿತ್ತು ಎಂದು ಕೇರಿಗೆ ಗೊತ್ತಾಯಿತು. ದೇವೀರಮ್ಮ. ಕೂಗುವ ಪಟ್ಟಿಯಲ್ಲಿ ಮೊದಲು ಮುಂದೆ ನುಗ್ಗಿ ಆಡಿದವರು, ಆಮೇಲೆ ಹಿಂದೆ ನಿಂತು ತಡೆದವರು, ಆಮೇಲೆ ಗೋಲು ಕಾಯುವ ಗೋಲಿ, ಆಟಗಾರರೆಲ್ಲ ಮುಗಿದ ಮೇಲೆ ಕೆಲಸದವರು. ಕೆಲಸದವರಲ್ಲಿ ಸುಣ್ಣ ಕಟ್ಟಕಡೆ. ಹಾಗಾಗಿ ದೇವೀರಮ್ಮನ ಹೆಸರು ಬರುವಷ್ಟರಲ್ಲಿ ಜನರ ಗಂಟಲು ಒಣಗಿ, ಕಣ್ಣು ಚೆಂಡಿನ ಕಡೆಗೆ ತಿರುಗಿರುತ್ತಿತ್ತು. ಆದರೂ “ಇದ್ದಾರೆ” ಅನ್ನುತ್ತಿದ್ದರು. ಅಂದ ಕೂಡಲೇ ಅವನಿಗೆ ಅವಳ ಮುಖ, ಗಲ್ಲಕ್ಕೆ ಸಿಡಿದ ಸುಣ್ಣದ ಹನಿಯ ಸಮೇತ, ಎದುರು ನಿಂತಂತೆ ಕಾಣುತ್ತಿತ್ತು. ಅವನಿಗೆ ಬೇಕಾಗಿದ್ದದ್ದು ಅಷ್ಟೇ. ಕ್ಲಬ್ಬು ಗೆಲ್ಲಲಿ ಸೋಲಲಿ, ಆಟವೊಂದು ನಡೆಯುತ್ತಿರಬೇಕು.

ಕೆಮ್ಮಣ್ಣಿನವರು ಆಗ ಎರಡನೇ ಮೆಟ್ಟಿಲಿನಲ್ಲಿದ್ದರು. ಕ್ಲಬ್ಬಿನ ಯಜಮಾನನಿಗೆ ಒಂದನೇ ಮೆಟ್ಟಿಲಿನ ಬಿಸಿಲಿನ ಆಸೆ ಹಿಡಿಯಿತು. ಮೈದಾನದ ಸುತ್ತ ಗ್ಯಾಲರಿ ಕಟ್ಟಿಸಿದ, ಗ್ಯಾಲರಿಗೆ ತಾಮ್ರದ ಚಾವಣಿ ಹೊದಿಸಿದ, ಮೇಲಿನಿಂದ ಆಟಗಾರರನ್ನು ಪಲ್ಲಕ್ಕಿಯಲ್ಲಿ ಇಳಿಸಿಕೊಂಡ. ಮೂಗಿಗಿಂತ ಮೂಗುತಿ ಭಾರವಾಯಿತು. ಪಲ್ಲಕ್ಕಿಯಲ್ಲಿ ಬಂದವರಿಗೆ ಸಂಬಳ ನಿಂತಿತು. ಸಂಬಳ ನಿಂತ ಮರುದಿನ ಅವರ ಕಾಲೂ ನಿಂತಿತು. ಕ್ಲಬ್ಬು ಮೂರನೆಯದಕ್ಕೆ ಇಳಿಯಿತು.

“ಒಂದೇ ವರ್ಷ” ಅಂದ ಯಜಮಾನ. “ಗ್ಯಾಲರಿ ಇಲ್ಲೇ ಇರ್ಲಿ, ಬೀಗ ಹಾಕಿ. ಮುಂದಿನ ವರ್ಷ ಬಂದು ತೆಗೆಯೋಣ.”

ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಮರುವರ್ಷ ಕಿತ್ತರು, ಹೊತ್ತರು, ನಾಲ್ಕನೆಯದಕ್ಕೆ ಇಳಿದರು. ತಾಮ್ರದ ಚಾವಣಿ ಯಾರ ಪಾಲಾಯಿತೋ. ಬೀಗದ ಕೈ ಮಾತ್ರ ಸೊಂಟದಲ್ಲೇ ಇತ್ತು.

ನಾಲ್ಕನೇ ಮೆಟ್ಟಿಲಿನಲ್ಲಿ ಮಾರಲು ಏನೂ ಉಳಿದಿರಲಿಲ್ಲ. ಬಲೆ ಹರಿದಿತ್ತು, ಚೆಂಡಿಗೆ ತೇಪೆ ಬಿದ್ದಿತ್ತು. ಆಗ ಮೇಲಿನಿಂದ ಒಬ್ಬ ದಲ್ಲಾಳಿ ಇಳಿದು ಬಂದ. ಮೇಲೆ ಹೊಸದಾಗಿ ಹುಟ್ಟಿದ ಕ್ಲಬ್ಬುಗಳಿಗೆ ದುಡ್ಡಿತ್ತು, ಸತ್ತವರಿರಲಿಲ್ಲ. ಆಟದ ದಿನ ಅವರ ಕೂಗುವವರು ಮೈದಾನದ ನಡುವೆ ನಿಂತು, ಕೂಗಲು ಹೆಸರಿಲ್ಲದೆ, ಕೆಮ್ಮಿ ಹೊರಬರುತ್ತಿದ್ದರಂತೆ. ಜನ ನಗುತ್ತಿದ್ದರಂತೆ.

“ನಿಮ್ಮ ಹಳೇ ಹುಲಿಗಳ ಹೆಸರು ಕೊಡಿ” ಅಂದ ದಲ್ಲಾಳಿ. “ಮುನಿದಾಸ, ಇಮಾಮ್‌ಸಾಬಿ, ದೊರೆಕಣ್ಣ, ಆ ಗೋಲಿ ಚೌರಪ್ಪ. ಬದಲಿಗೆ ಒಳ್ಳೇ ಕಾಲಿನ ಹುಡುಗರನ್ನ ಕಳಿಸ್ತೀವಿ. ಕೆಲಸದೋರ ಹೆಸರು ಬೇಡ. ಅಂಥವು ಎಲ್ಲಿ ಬೇಕಾದ್ರೂ ಸಿಗ್ತವೆ.”

ಕೆಮ್ಮಣ್ಣಿನವರ ಪಂಚಾಯಿತಿ ನಡೆಯುತ್ತಿದ್ದದ್ದು ಮೈದಾನದಲ್ಲೇ. ಗೆರೆ ಎಳೆಯುವವನು ನಡುಮಧ್ಯೆ ಒಂದು ಗೆರೆ ಹಾಕಬೇಕು. ಹೂಂ ಅನ್ನುವವರು ಪಡುವಲಿಗೆ, ಊಹೂಂ ಅನ್ನುವವರು ಮೂಡಲಿಗೆ ನಿಲ್ಲಬೇಕು. ಗೆರೆ ಎಳೆಯುವವನಿಗೆ ಮಾತ್ರ ಪಕ್ಷವಿಲ್ಲ. ಅವನು ಗೆರೆಯ ಮೇಲೆಯೇ ನಿಂತಿರಬಹುದು, ಯಾರೂ ಏನೂ ಕೇಳುವಂತಿಲ್ಲ. ಅವನ ತಾತನಿಂದ ಬಂದ ಮರ್ಯಾದೆ ಅದು.

ಮೂಡಲಿಗೆ ಮೊದಲು ಹೋಗಿ ನಿಂತವಳು ಕೂಗುವವಳು. ಅವಳು ಗೋಲಿ ಚೌರಪ್ಪನ ಮಗಳು. ಹುಲಿಗಳ ಮನೆಯವರು ಅವಳ ಹಿಂದೆ ನಿಂತರು. ಪಡುವಲಿಗೆ ಹೋದವರೆಲ್ಲ ಕೆಲಸದವರ ಮನೆಯವರು: ಬಟ್ಟೆ ಒಗೆಯುವವನು, ಬಾಗಿಲು ಕಾಯುವವನು, ಬುತ್ತಿ ಕಟ್ಟುವವಳು. ಅವರ ಸತ್ತವರನ್ನು ಯಾರೂ ಕೇಳಿರಲಿಲ್ಲ. ಹುಡುಗರು ಬಂದರೆ ಕ್ಲಬ್ಬು ಉಳಿಯುತ್ತದೆ, ಕ್ಲಬ್ಬು ಉಳಿದರೆ ತಮ್ಮ ಹೆಸರುಗಳೂ ಉಳಿಯುತ್ತವೆ. ಗೆರೆ ಎಳೆಯುವವನೂ ಅದನ್ನೇ ಯೋಚಿಸಿದ. ಯೋಚಿಸಿದ್ದಕ್ಕೆ ನಾನು ಅವನನ್ನು ಬೈಯುವುದಿಲ್ಲ. ಆದರೆ ಗೆರೆಯ ಮೇಲಿನ ಕಾಲನ್ನು ಅವನು ಎತ್ತಿದ. ಎತ್ತಬೇಕಾಗಿರಲಿಲ್ಲ. ಎತ್ತಿ ಪಡುವಲಿಗೆ ಇಟ್ಟ. ಹಿಂತಿರುಗಿ ನೋಡಿದರೆ ಬಿಳಿ ಗೆರೆ ಅವನ ಹಿಮ್ಮಡಿಗೆ ಹತ್ತಿ ಒರೆಸಿಹೋಗಿತ್ತು.

ಕೂಗುವವಳು ಅವನನ್ನು ನೋಡಿದಳು.

ಹೆಸರುಗಳು ಮೇಲಕ್ಕೆ ಹೋದವು. ಮಾರಿದ ಹೆಸರನ್ನು ಮಾರಿದವರು ಕೂಗುವಂತಿಲ್ಲ, ಉತ್ತರಿಸುವಂತಿಲ್ಲ. ಉತ್ತರಿಸಿದರೆ ಆಟ ಆಡದೆಯೇ ಸೋತ ಹಾಗೆ ಎಂದು ಕರಾರಾಯಿತು. ಮುಂದಿನ ಆಟದ ದಿನ ಕೂಗುವವಳು ಗೆರೆಯೊಳಗೆ ನಿಂತು ಪಟ್ಟಿ ಹಿಡಿದಳು. ಮುನಿದಾಸನ ಜಾಗ ಬಂದಾಗ ಕೂಗಲಿಲ್ಲ, ಆದರೆ ಮುಂದಿನ ಹೆಸರಿಗೂ ಹೋಗಲಿಲ್ಲ. ಒಂದು ಹೆಸರು ಕೂಗಿ ಉತ್ತರ ಬರುವಷ್ಟು ಹೊತ್ತು ಸುಮ್ಮನೆ ನಿಂತಳು. ಇಮಾಮ್‌ಸಾಬಿಯ ಜಾಗದಲ್ಲೂ ಅಷ್ಟೇ, ದೊರೆಕಣ್ಣನ ಜಾಗದಲ್ಲೂ ಅಷ್ಟೇ. ಚೌರಪ್ಪನ ಜಾಗದಲ್ಲಿ ಸ್ವಲ್ಪ ಹೆಚ್ಚೇ ನಿಂತಳು ಅಂತ ಗೆರೆ ಎಳೆಯುವವನಿಗೆ ಅನ್ನಿಸಿತು.

ಈಗ ಆ ಜನ ಮಾಡಿದ ಲೆಕ್ಕದ ತಪ್ಪು ಹೇಳುತ್ತೇನೆ. ಮುಖ ನೆನಪಿರುವುದು ಉತ್ತರ ಕೊಡುವ ಮೈದಾನದ ಜನಕ್ಕೆ ಮಾತ್ರ ಅಂದೆನಲ್ಲ. ಅಪ್ಪನ ಹೆಸರನ್ನು ಎರಡನೇ ಮೆಟ್ಟಿಲಿನಲ್ಲಿ ಕೂಗುತ್ತಿದ್ದರೆ ಮಗ ನಾಲ್ಕನೆಯದರಲ್ಲಿ ಏಕೆ ಕೂರುತ್ತಾನೆ? ಮುನಿದಾಸನ ಮಕ್ಕಳು ಒಂದು ಬೆಳಿಗ್ಗೆ ಗಂಟುಮೂಟೆ ಕಟ್ಟಿದರು. ಇಮಾಮ್‌ಸಾಬಿಯ ಹೆಂಡತಿ ಹೋದಳು, ದೊರೆಕಣ್ಣನ ತಮ್ಮಂದಿರು ಹೋದರು, ಅವರ ನೆಂಟರಿಷ್ಟರು ಹೋದರು. ಗೆರೆಯಾಚೆ ಎಂಟು ಸಾಲು ನಿಲ್ಲುತ್ತಿದ್ದ ಜನ ಎರಡು ಸಾಲಾದರು. ನೋಡುವವರಿಲ್ಲದ ಮೈದಾನದಲ್ಲಿ ಆಡಲು ಆ ಒಳ್ಳೇ ಕಾಲಿನ ಹುಡುಗರಿಗೂ ಬೇಸರವಾಯಿತು, ಅವರೂ ಗುಡ್ಡ ಹತ್ತಿದರು. ಸತ್ತವರನ್ನು ಮಾರಿದರೆ ಬದುಕಿದ್ದವರೂ ಹಿಂದೆಯೇ ಹೋಗುತ್ತಾರೆ ಅನ್ನುವುದು ಯಾರಿಗೂ ಹೊಳೆದಿರಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಆಮೇಲೆ ಎಲ್ಲರಿಗೂ ಹೊಳೆಯಿತು.

ಕೂಗುವವಳು ಮಾತ್ರ ಹೋಗಲಿಲ್ಲ.

“ಅಕ್ಕಾ, ನೀನೂ ಹೋಗು” ಅಂದ ಗೆರೆ ಎಳೆಯುವವನು. ಅವನಿಗೇ ತಲೆ ನೆರೆತಿತ್ತು, ಅವಳು ಅವನಿಗಿಂತ ಹಿರಿಯಳು. ಅವಳ ಮುಖ ನೋಡಿ ಹೇಳಲಾಗದೆ ಹಗ್ಗ ಸುತ್ತುತ್ತಾ ಹೇಳಿದ. “ಅಲ್ಲಿ ನಿಮ್ಮಪ್ಪನ ಹೆಸರು ಸಾವಿರ ಜನ ಹೇಳ್ತಾರಂತೆ.”

“ನಾನು ಹೋದ್ರೆ ಇಲ್ಲಿರೋರನ್ನ ಕೂಗೋರು ಯಾರಪ್ಪಾ?” ಅಂದಳು ಅವಳು. “ನಿನ್ನ ಹೆಂಡ್ತೀನ ಕೂಗೋರು ಯಾರು?”

ಅವನಿಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಕಿತ್ತರು, ಹೊತ್ತರು, ಐದನೆಯದಕ್ಕೆ ಇಳಿದರು. ಆ ವರ್ಷ ಯಜಮಾನ ಕಾಣೆಯಾದ. ಬೀಗದ ಕೈ ಮೈದಾನದ ಮೂಲೆಯಲ್ಲಿ ಬಿದ್ದಿತ್ತು. ಕಿತ್ತರು, ಹೊತ್ತರು, ಆರನೆಯದಕ್ಕೆ ಇಳಿದರು. ಗೋಲುಕಂಬ ಹೊರಲು ಎಂಟು ಹೆಗಲು ಬೇಕಿತ್ತು, ಆರು ಸಿಕ್ಕವು. ಕಂಬದ ಒಂದು ತುದಿ ನೆಲಕ್ಕೆ ಉಜ್ಜಿ ದಾರಿಯುದ್ದಕ್ಕೂ ಗೀರು ಬಿತ್ತು. ಆ ಗೀರನ್ನು ನೋಡಿದ ಗೆರೆ ಎಳೆಯುವವನಿಗೆ, ತನ್ನ ಕೈಯಿಂದ ಇಷ್ಟು ಉದ್ದದ ಗೆರೆ ಯಾವತ್ತೂ ಆಗಿರಲಿಲ್ಲ ಅನ್ನಿಸಿ ಅಳು ಬಂತು.

ಮತ್ತೆ ಕಿತ್ತರು, ಹೊತ್ತರು, ಏಳನೆಯದಕ್ಕೆ ಇಳಿದರು.

ಏಳನೇ ಮೆಟ್ಟಿಲಿನ ನೆಲ ತೇವ. ಬೆಳಿಗ್ಗೆ ಹಾಕಿದ ಗೆರೆ ಮಧ್ಯಾಹ್ನಕ್ಕೆ ಹೀರಿಹೋಗುತ್ತಿತ್ತು. ಹೆಂಡತಿ ಇದ್ದಿದ್ದರೆ ಒಂದು ಚೆಂಬು ನೀರು ಕಡಿಮೆ ಮಾಡಿ ದಾರಿ ತೋರಿಸುತ್ತಿದ್ದಳು ಎಂದುಕೊಂಡು, ಅವನು ಅವಳ ಸೌಟು ತೆಗೆದುಕೊಂಡು ತಾನೇ ಕಲೆಸಿದ. ಹಿಡಿಯ ಮೇಲೆ ಅವಳ ಹೆಬ್ಬೆರಳಿನ ಗುಂಡಿ ಸವೆದಿತ್ತು. ಅವನ ಬೆರಳು ಅದರಲ್ಲಿ ಕೂರುತ್ತಿರಲಿಲ್ಲ. ಗಟ್ಟಿಯಾಗಿ ಕಲೆಸಿ, ಎರಡೆರಡು ಸಲ ಹಾಕಿ, ಆಟದ ಹೊತ್ತಿಗೆ ಗೆರೆ ನಿಲ್ಲುವಂತೆ ಮಾಡಿದ.

ಅಲ್ಲಿ ಜೌಗಿನ ದಂಡೆಯಲ್ಲಿ, ಗೆರೆ ತೊಳೆದುಹೋದ ಹಳೇ ಕ್ಲಬ್ಬುಗಳ ಜನ ಕುಳಿತಿರುತ್ತಿದ್ದರು. ಒಬ್ಬೊಬ್ಬರ ಕೈಯಲ್ಲೂ ಏನಾದರೊಂದು ಇರುತ್ತಿತ್ತು. ಒಬ್ಬ ಮುದುಕನ ತೊಡೆಯ ಮೇಲೆ ಒಂದು ಬೂಟಿತ್ತು, ಒಂದೇ ಒಂದು, ಎಳೆಯ ಕಾಲಿನದು.

“ಯಾರದು ತಾತ?” ಎಂದು ಗೆರೆ ಎಳೆಯುವವನು ಕೇಳಿದ.

“ಗೊತ್ತಿಲ್ಲ ಕಣಪ್ಪ” ಅಂದ ಮುದುಕ. “ನೋಡು, ಲೇಸು ಎಷ್ಟು ಚೆನ್ನಾಗಿ ಕಟ್ಟೈತೆ. ಬಿಚ್ಚೋಕೆ ಆಗ್ತಿಲ್ಲ.”

ಆ ರಾತ್ರಿ ಅವನಿಗೆ ನಿದ್ದೆ ಬರಲಿಲ್ಲ. ಮರುದಿನದಿಂದ ಕ್ಲಬ್ಬಿಗೆ ಆಟಗಾರರನ್ನು ಒಟ್ಟುಮಾಡಲು ಅವನು ಬಿದ್ದ ಪಾಡು ನಾಯಿಗೂ ಬೇಡ. ಬಾಗಿಲು ಕಾಯುವವನನ್ನು ಗೋಲಿಗೆ ನಿಲ್ಲಿಸಿದ, ಬಟ್ಟೆ ಒಗೆಯುವವನ ಕಾಲಿಗೆ ಬೂಟು ಹಾಕಿಸಿದ, ಬುತ್ತಿ ಕಟ್ಟುವವಳ ಕುಂಟ ಅಳಿಯನನ್ನೂ ಬಿಡಲಿಲ್ಲ. ಹನ್ನೊಂದು ಮಂದಿ ಆದರು. ಸೋತರು, ಸೋತರು, ಒಮ್ಮೆ ಸಮ ಮಾಡಿಕೊಂಡರು, ಮತ್ತೆ ಸೋತರು. ವರ್ಷದ ಕೊನೆಯ ಆಟಕ್ಕೆ ಬಂದಾಗ, ಅವರಿಗಿಂತ ಒಂದೇ ಒಂದು ಹೆಜ್ಜೆ ಮುಂದಿದ್ದ ಇನ್ನೊಂದು ಬಡಪಾಯಿ ಕ್ಲಬ್ಬಿನ ಎದುರೇ ಆಡಬೇಕಾಗಿ ಬಂತು. ಗೆದ್ದರೆ ಕೆಮ್ಮಣ್ಣು ಉಳಿಯುತ್ತದೆ. ಅವತ್ತು ಎದುರಿನವರು ಒಂಬತ್ತೇ ಜನ ಬಂದಿದ್ದರು, ಅದರಲ್ಲಿ ಇಬ್ಬರಿಗೆ ಜ್ವರ. ವರ್ಷದಲ್ಲಿ ಮೊದಲ ಸಲ ಬಟ್ಟೆ ಒಗೆಯುವವನು ನಕ್ಕ.

“ಇವತ್ತು ಗೆಲ್ತೀವಿ ಕಣೋ” ಅಂದ. ಅವನ ಮಗನ ಹೆಸರು ಪಟ್ಟಿಯಲ್ಲಿತ್ತು. ಚಿಕ್ಕವನಿದ್ದಾಗಲೇ ಹೋದ ಮಗ.

ಗೆರೆ ಎಳೆಯುವವನು ಅವತ್ತು ಗೆರೆಯನ್ನು ಮೂರು ಸಲ ಹಾಕಿದ. ಇನ್ನೊಂದು ವರ್ಷ. ಇನ್ನೊಂದು ವರ್ಷ ಅವಳ ಮುಖ ಅವನದು.

ಮೇಲಿನ ಮೆಟ್ಟಿಲಿನಿಂದ ಸೀಟಿಯವನು ಇಳಿದು ಬಂದ. ಆಟ ನಡೆಸುವವನೂ ಅವನೇ, ಕೂಗು ಕೇಳಿ ಬರೆದುಕೊಳ್ಳುವವನೂ ಅವನೇ. ಕೂಗುವವಳು ಗೆರೆಯೊಳಗೆ ಹೋಗಿ ನಿಂತಳು. ಅವಳಿಗೆ ತುಂಬ ವಯಸ್ಸಾಗಿತ್ತು. ಅಪ್ಪನ ಮುಖ ಎಂದೋ ಅಳಿದುಹೋಗಿತ್ತು; ಅಪ್ಪ ಇದ್ದ ಅನ್ನುವುದೂ ಹೋಗಿತ್ತು. ಪಟ್ಟಿಯ ನಡುವೆ ತಾನು ಏಕೆ ನಿಲ್ಲುತ್ತೇನೆ ಅನ್ನುವುದೇ ಅವಳಿಗೆ ಗೊತ್ತಿರಲಿಲ್ಲ. ಆದರೂ ನಿಲ್ಲುತ್ತಿದ್ದಳು, ನಾಲ್ಕು ಕಡೆ, ಒಂದೊಂದು ಹೆಸರಿನಷ್ಟು ಹೊತ್ತು. ಪಟ್ಟಿಯಲ್ಲಿ ಆ ಹೆಸರುಗಳ ಮೇಲೆ ಮಸಿ ಬಳಿದಿದ್ದರು. ಏಳನೇ ಮೆಟ್ಟಿಲಿನ ತೇವಕ್ಕೆ ಆ ಮಸಿಯೂ ಕದಡಿ, ಅಡಿಯ ಅಕ್ಷರ ಮಸುಕಾಗಿ ಮೇಲೆದ್ದಿತ್ತು. ಅದನ್ನು ಯಾರೂ ನೋಡಿರಲಿಲ್ಲ.

ಮೊದಲ ಮೂರು ಜಾಗ ಎಂದಿನಂತೆ ಸುಮ್ಮನೆ ಕಳೆದವು. ಗೋಲಿಯ ಜಾಗ ಬಂತು. ಅವಳು ನಿಂತಳು. ಪಟ್ಟಿಯನ್ನು ಕಣ್ಣಿನ ಹತ್ತಿರ ತಂದಳು, ಕಾಗುಣಿತ ಕಲಿಯುವವರ ಹಾಗೆ ತುಟಿ ಆಡಿಸಿದಳು. ಆಮೇಲೆ ತಲೆಯೆತ್ತಿ ಕೂಗಿದಳು.

“ಚೌರಪ್ಪಾ!”

ಮೈದಾನ ಗಕ್ಕನೆ ನಿಂತಿತು. ಸೀಟಿಯವನು ಪೆನ್ನು ಎತ್ತಿದ. ಬರೀ ಕೂಗಿಗೆ ಸೋಲಿಲ್ಲ, ಉತ್ತರ ಬಂದರೆ ಸೋಲು. ಗೆರೆಯಾಚೆ ನಿಂತಿದ್ದವರೆಲ್ಲ ನೆಲ ನೋಡಿದರು. ಅಲ್ಲಿ ಉಳಿದವರು ಯಾರು? ಅಂದು ಪಡುವಲಿಗೆ ಕಾಲಿಟ್ಟವರೇ. ಮೂಡಲಿಗೆ ನಿಂತವರಲ್ಲಿ ಉಳಿದವಳು ಅವಳೊಬ್ಬಳೇ. ಅವರಲ್ಲಿ ಯಾರಿಗೂ ಚೌರಪ್ಪನ ಮುಖ ನೆನಪಿರಲಿಲ್ಲ. ಆ ಹೆಸರನ್ನು ಮಾರಿದ್ದು ಮಾತ್ರ ಎಲ್ಲರಿಗೂ ನೆನಪಿತ್ತು. ಮಾರಿದ್ದು ಮರೆಯಲಿ ಎಂದು ಯಾವ ಕಟ್ಟಳೆಯೂ ಹೇಳಿರಲಿಲ್ಲ.

ಅವಳು ಕಿವಿಗೆ ಕೈ ಹಿಡಿದು ಕಾದಳು. ಉತ್ತರ ಬರದೆ ಮುಂದಿನ ಹೆಸರಿಗೆ ಹೋಗುವ ಅಭ್ಯಾಸ ಅವಳಿಗಿರಲಿಲ್ಲ. ಕತ್ತು ಚಾಚಿ, ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಕಾದಳು. ಎಂಟು ಹೆಸರಿನಾಚೆ ದೇವೀರಮ್ಮ ಇದ್ದಳು. ಸುಮ್ಮನಿದ್ದರೆ ಸಾಕಿತ್ತು. ಯಾರಾದರೂ ಅವಳ ಕೈ ಹಿಡಿದು, “ಮುಂದಕ್ಕೆ ಹೋಗಮ್ಮ” ಅಂದಿದ್ದರೆ ಸಾಕಿತ್ತು.

ಗೆರೆ ಎಳೆಯುವವನು ತನ್ನ ಹಿಮ್ಮಡಿ ನೋಡಿಕೊಂಡ. ಆಮೇಲೆ ಬಾಯಿ ತೆರೆದ.

“ಇದ್ದಾರೆ” ಅಂದ.

ಸೀಟಿಯವನು ಕೆಟ್ಟವನಲ್ಲ. ಹತ್ತಿರ ಬಂದು ತಗ್ಗಿದ ದನಿಯಲ್ಲಿ, “ಏನಯ್ಯಾ, ಕೆಮ್ಮಿದ್ಯಾ? ಕೆಮ್ಮಿದೆ ಅಂತ ಬರ್ಕೊಳ್ಳಲಾ?” ಎಂದು ಕೇಳಿದ.

“ಇಲ್ಲ ಸ್ವಾಮಿ” ಅಂದ ಅವನು. ಕಣ್ಣಿಂದ ನೀರು ಸುರಿಯುತ್ತಿತ್ತು. ಇನ್ನೂ ಗಟ್ಟಿಯಾಗಿ ಕೂಗಿದ: “ಇದ್ದಾರೆ!”

ಬುತ್ತಿ ಕಟ್ಟುವವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಸೆರಗು ತೆಗೆದು, “ಇದ್ದಾರೆ” ಅಂದಳು. ಬಾಗಿಲು ಕಾಯುವವನು ಅಂದ. ಕುಂಟ ಅಳಿಯ ಅಂದ. ಆಮೇಲೆ ಎಲ್ಲರೂ ಒಟ್ಟಿಗೆ ಅಂದರು. ನಾಲ್ಕನೇ ಮೆಟ್ಟಿಲು ಬಿಟ್ಟ ಮೇಲೆ ಅಷ್ಟು ದೊಡ್ಡ ದನಿ ಆ ಕ್ಲಬ್ಬಿನಿಂದ ಹೊರಟಿರಲಿಲ್ಲ.

ಬಟ್ಟೆ ಒಗೆಯುವವನೊಬ್ಬನೇ ಅನ್ನಲಿಲ್ಲ. “ಮುಂದಿನದು ನನ್ನ ಮಗನ ಹೆಸರು ಕಣೋ” ಎಂದು ಗೆರೆ ಎಳೆಯುವವನ ಎದೆಗೆ ಗುದ್ದಿದ. “ಗೆಲ್ತಿದ್ವಲ್ಲೋ ಪಾಪಿ! ಇವತ್ತು ಗೆಲ್ತಿದ್ವಲ್ಲೋ!” ಗುದ್ದಿ ಗುದ್ದಿ ಅವನ ಕಾಲ ಬಳಿ ಕುಸಿದ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಗೆರೆಯೊಳಗೆ ಕೂಗುವವಳ ಮುಖ ಅರಳಿತ್ತು. “ಬಂದ್ರು” ಅಂದಳು. “ನಮ್ಮಪ್ಪ. ಹಳದಿ ಟೋಪಿ ಹಾಕ್ಕಂಡವ್ರೆ. ನನಗೊಬ್ಬ ಅಪ್ಪ ಇದ್ರು ಕಣ್ರೋ!” ಪಟ್ಟಿ ಅವಳ ಕೈಯಿಂದ ಜಾರಿತು. ಗೆರೆಯಾಚೆ ನಿಂತಿದ್ದವರಿಗೂ ಕಂಡಿತು: ಎರಡು ಕಂಬಗಳ ನಡುವೆ ಕೈ ಚಾಚಿ ನಿಂತ ಉದ್ದನೆಯ ಮನುಷ್ಯ, ಹಳದಿ ಟೋಪಿ.

ಸೀಟಿ ಕೂಗಿತು. ಚೆಂಡನ್ನು ಯಾರೂ ಮುಟ್ಟಲಿಲ್ಲ. ಎದುರಿನ ಒಂಬತ್ತು ಜನ ಗೆದ್ದೆವು ಎಂದು ಕುಣಿಯಲೂ ಆಗದೆ ತಲೆ ತಗ್ಗಿಸಿ ಹೋದರು. ಕೊಡಗಳಲ್ಲಿ ನೀರು ತಂದು ಗೆರೆಯ ಮೇಲೆ ಸುರಿದರು. ಮೂರು ಸಲ ಹಾಕಿದ ಗೆರೆ, ಹೋಗಲು ಬಹಳ ಹೊತ್ತು ಹಿಡಿಯಿತು. ಗೆರೆ ಎಳೆಯುವವನು ಸೌಟನ್ನು ಎದೆಗವಚಿಕೊಂಡು ನೋಡುತ್ತಾ ನಿಂತಿದ್ದ. ಕಡೆಯ ಬಿಳಿ ನೀರು ಹರಿದು ಜೌಗು ಸೇರುವವರೆಗೂ ದೇವೀರಮ್ಮನ ಹೆಸರನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದ. ಅದರಿಂದ ಪ್ರಯೋಜನವಿಲ್ಲ ಎಂದು ಅವನಿಗೆ ಗೊತ್ತಿತ್ತು.

ವರ್ಷ ತುಂಬಿ ಮೇಲೊಂದು ಬೇಸಿಗೆ ಕಳೆಯಿತು. ಆರನೇ ಮೆಟ್ಟಿಲಿನಿಂದ ಒಂದು ಕ್ಲಬ್ಬು ಇಳಿದು ಬಂತು. ಕಿತ್ತು, ಹೊತ್ತು, ಇಳಿದು ಬಂದವರ ಜೊತೆ ಅವರ ಗೆರೆ ಎಳೆಯುವವನೂ ಇದ್ದ. ತೇವದ ನೆಲದಲ್ಲಿ ಗೆರೆ ನಿಲ್ಲದೆ ಸೋತು, ಜೌಗಿನ ದಂಡೆಗೆ ಬಂದ. ಅಲ್ಲಿ ಒಬ್ಬ ಮುದುಕ, ಪಕ್ಕದಲ್ಲಿ ಒಬ್ಬಳು ಮುದುಕಿ ಕುಳಿತಿದ್ದರು. ಮುದುಕಿ ಆಗಾಗ ಬಾಯಿ ತೆರೆದು, ಏನನ್ನೂ ಕೂಗದೆ, ಸ್ವಲ್ಪ ಹೊತ್ತು ಕಾದು ಮುಚ್ಚುತ್ತಿದ್ದಳು. ಮುದುಕನ ಕೈಯಲ್ಲಿ ಸುಣ್ಣ ಮೆತ್ತಿದ ಮರದ ಸೌಟಿತ್ತು. ಹಿಡಿಯ ಮೇಲಿನ ಸವೆದ ಗುಂಡಿಯಲ್ಲಿ ಹೆಬ್ಬೆರಳಿಟ್ಟು ಉಜ್ಜುತ್ತಾ ಕೂತಿದ್ದ.

“ಸುಣ್ಣಕ್ಕೆ ಒಳ್ಳೇ ಸೌಟು” ಅಂದ ಬಂದವನು. “ನಿಮಗೇನೂ ಕೆಲಸಕ್ಕೆ ಬರ್ತಿಲ್ಲ ಅಂದ್ರೆ ನನಗೆ ಕೊಡಿ ಯಜಮಾನ್ರೇ. ಯಾರದು ಇದು?”

ಮುದುಕ ಸೌಟನ್ನು ತಿರುಗಿಸಿ ನೋಡಿದ.

“ಯಾರದೋ ಗೊತ್ತಿಲ್ಲಪ್ಪ” ಅಂದ. “ಕೊಟ್ಬಿಡೋಣ ಅಂತ ದಿನಾ ಅಂದ್ಕೋತೀನಿ. ಕೈ ಬಿಡಲ್ಲ ಅಂತದೆ.”